ಅಮೀರಬಾಯಿಯ ಜಾಡು ಹಿಡಿದು

ಅಮೀರಬಾಯಿ ಕರ್ನಾಟಕಿಯನ್ನು ನಾನು ಮೊದಲು ಹುಡುಕಿದ್ದು ನಟಿಯರ ಪಟ್ಟಿಯಲ್ಲಿ. ಅದೇ ತಪ್ಪಾಯಿತು. ಹಳೆಯ ಹಿಂದಿ ಸಿನಿಮಾಗಳ ಪಾತ್ರವರ್ಗದ ಪುಟಗಳನ್ನು ತಿಂಗಳುಗಟ್ಟಲೆ ತಿರುವಿಹಾಕಿದೆ. ಅಲ್ಲೊಂದು ಇಲ್ಲೊಂದು ಕಡೆ ಹೆಸರು ಸಿಗುತ್ತಿತ್ತು, ಮತ್ತೆ ಮಾಯವಾಗುತ್ತಿತ್ತು. ಇಡೀ ಹಿಂದೂಸ್ತಾನ ಕೇಳಿದ ಹೆಣ್ಣುಮಗಳು ಕಾಗದದ ಮೇಲೆ ಇಷ್ಟು ತೆಳುವಾಗಿ ಉಳಿದದ್ದು ಹೇಗೆ?

ಅವಳ ಊರು ಆಗಿನ ಬಿಜಾಪುರ ಜಿಲ್ಲೆಯ ಬೀಳಗಿ. ತಂದೆ ತಾಯಿ ಇಬ್ಬರಿಗೂ ರಂಗಭೂಮಿಯ ನಂಟು. ಐವರು ಅಕ್ಕತಂಗಿಯರಲ್ಲಿ ಹೆಸರು ಮಾಡಿದವರು ಇಬ್ಬರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಅಲ್ಲಿನ ಹೆಸರಾಂತ ನಟ ಬಾಲಗಂಧರ್ವರ ಬದುಕಿನ ಭಾಗವಾದಳು. ಗಂಡಸರೇ ಹೆಣ್ಣಾಗಿ ನಿಲ್ಲುತ್ತಿದ್ದ ಆ ರಂಗದ ಮೇಲೆ ನಾಯಕಿಯಾಗಿ ನಿಂತಳು. ತಂಗಿ ಅಮೀರ ಮೆಟ್ರಿಕ್ ಮುಗಿಸಿ ಮುಂಬಯಿ ಸೇರಿದಳು. ಹುಟ್ಟಿದ ವರ್ಷ ಒಂದು ಕಡೆ 1906 ಎಂದಿದೆ, ಇನ್ನೊಂದು ಕಡೆ 1912 ಎಂದಿದೆ. ಬೀಳಗಿಯ ಮುಸ್ಲಿಂ ಕಲಾವಿದರ ಮನೆಯಲ್ಲಿ ಹೆಣ್ಣುಕೂಸಿನ ಹುಟ್ಟಿದ ದಿನ ಬರೆದಿಡುವವರು ಯಾರಿದ್ದರು? ಆ ಆರು ವರ್ಷದ ಗೊಂದಲದಲ್ಲೇ ಒಂದು ಕಾಲದ ಕಥೆಯಿದೆ ಅಂತ ನನಗೆ ಅನ್ನಿಸುತ್ತದೆ.

ಅಕ್ಕನ ನೆರವಿನಿಂದ ಅಮೀರಬಾಯಿಗೆ ಸಿಕ್ಕ ಮೊದಲ ಸಿನಿಮಾ 1934ರ ‘ವಿಷ್ಣುಭಕ್ತಿ’. ಆಗ ಕ್ಯಾಮೆರಾದ ಮುಂದೆ ನಿಂತವರೇ ಹಾಡಬೇಕಿತ್ತು, ಮುಖವೂ ದನಿಯೂ ಒಬ್ಬರದೇ. ಮರುವರ್ಷವೇ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನ ತಂದರು. ಮುಖದ ದಾರಿ ಒಂದಾಯಿತು, ದನಿಯ ದಾರಿ ಇನ್ನೊಂದಾಯಿತು. ಅಮೀರಬಾಯಿ ಎರಡೂ ದಾರಿಯಲ್ಲಿ ನಡೆದಳು. ನಾನು ಮಾತ್ರ ಒಂದರಲ್ಲೇ ಅವಳ ಹೆಜ್ಜೆ ಹುಡುಕುತ್ತಿದ್ದೆ.

ದನಿಯ ದಾರಿ ಹಿಡಿದ ಮೇಲೂ ತೊಡಕು ತಪ್ಪಲಿಲ್ಲ. ರಬಕವಿಯ ಹಳೆಯ ಮನೆಯೊಂದರಲ್ಲಿ ಕಟ್ಟಿಟ್ಟಿದ್ದ ಗ್ರಾಮೊಫೋನ್ ತಟ್ಟೆಗಳ ಗಂಟು ಬಿಚ್ಚಿದಾಗ ಅದು ಮನದಟ್ಟಾಯಿತು. ಒಂದು ಮಗ್ಗುಲಿಗೆ ಮೂರು ನಿಮಿಷ, ಅಷ್ಟೇ ಹಾಡು. ನಡುವಿನ ದುಂಡನೆಯ ಚೀಟಿಯ ಮೇಲೆ ಸಿನಿಮಾದ ಹೆಸರು ಇರುತ್ತದೆ. ಹಾಡಿದವರ ಹೆಸರಿನ ಜಾಗದಲ್ಲಿ ಎಷ್ಟೋ ಸಲ ಇರುವುದು ಪಾತ್ರದ ಹೆಸರು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರರ ಹೆಸರಿರಲಿಲ್ಲ, ‘ಕಾಮಿನಿ’ ಎಂದಿತ್ತು. ಲತಾಗೇ ಹೀಗಾದ ಕಾಲದಲ್ಲಿ ಬೀಳಗಿಯ ಅಮೀರಬಾಯಿಯ ಪಾಡೇನು? ತಟ್ಟೆಯನ್ನು ಓದಿ ಪ್ರಯೋಜನವಿಲ್ಲ, ಕೇಳಬೇಕು.

ಕೇಳುತ್ತ ಹೋದಂತೆ ಪಟ್ಟಿ ಬೆಳೆಯಿತು. 1940ರ ‘ನರಸಿ ಭಗತ್’ ಭಕ್ತಿಚಿತ್ರ. ಗಾಂಧೀಜಿಗೆ ಪ್ರಿಯವಾಗಿದ್ದ ನರಸಿ ಮೆಹತಾ ಭಜನೆಗೆ ಅದರಲ್ಲಿ ಅಮೀರಬಾಯಿಯ ಕಂಠ. ಮೂರೇ ವರ್ಷಕ್ಕೆ ಬಾಂಬೆ ಟಾಕೀಸಿನ ‘ಕಿಸ್ಮತ್’. ಅದರ ನಾಯಕ ಅಶೋಕಕುಮಾರ್ ಒಬ್ಬ ಕಳ್ಳ! ನಾಯಕಿ ಮುಮ್ತಾಜ್ ಶಾಂತಿ, ದನಿ ಅಮೀರಬಾಯಿಯದು, ಸಂಗೀತ ಅನಿಲ್ ಬಿಸ್ವಾಸರದು. ಕವಿ ಪ್ರದೀಪರ ದೇಶಭಕ್ತಿಯ ಹಾಡನ್ನು ಖಾನ್ ಮಸ್ತಾನಾ ಜೊತೆ ಅವಳು ಹಾಡಿದ್ದು ಕ್ವಿಟ್ ಇಂಡಿಯಾದ ಬೆಂಕಿ ಇನ್ನೂ ಆರದ ಹೊತ್ತಿನಲ್ಲಿ. ಹಾಡಿನ ಮಾತಿನಲ್ಲಿ ಜರ್ಮನಿ, ಜಪಾನಿನ ಹೆಸರು ಬರುವುದರಿಂದ ಸೆನ್ಸಾರಿನವರು ಬಿಟ್ಟರು. ಜನ ಮಾತ್ರ ಹಾಡಿನಲ್ಲಿ ಬರುವ ‘ತೊಲಗಿ’ ಎಂಬ ಮಾತು ಯಾರಿಗೆ ಅಂತ ಸರಿಯಾಗಿಯೇ ತಿಳಿದುಕೊಂಡರು. ಕಲ್ಕತ್ತೆಯ ರಾಕ್ಸಿ ಥೇಟರಿನಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅಷ್ಟೂ ದಿನ ಆ ಊರಿನ ಕಿವಿಯಲ್ಲಿ ನಮ್ಮ ಕೃಷ್ಣಾತೀರದ ಹೆಣ್ಣುಮಗಳ ದನಿ ಇತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

1944ರಲ್ಲಿ ನೌಶಾದರ ಸಂಗೀತದ ‘ರತನ್’, ಅಗಲಿಕೆಯ ಅಳು. ಅದೇ ವರ್ಷ ‘ಭರ್ತೃಹರಿ’: ಭಿಕ್ಷೆಗೆ ಬಂದು ನಿಂತ ಅರಸ, ಬಾಗಿಲಲ್ಲಿ ರಾಣಿ ಪಿಂಗಳೆ. ಗಾಯಕ ಸುರೇಂದ್ರರೊಡನೆ ಅವಳು ಹಾಡಿದ ಆ ಹಾಡಿನಲ್ಲಿ ನಾಟಕದ ಮನೆಯಲ್ಲಿ ಬೆಳೆದ ಮಗಳು ಎದ್ದು ಕಾಣುತ್ತಾಳೆ. ಮಾತನ್ನು ಎಲ್ಲಿ ಒತ್ತಬೇಕು, ಉಸಿರನ್ನು ಎಲ್ಲಿ ತಡೆಯಬೇಕು ಎಂಬುದು ಕಂಪನಿ ನಾಟಕ ಕಂಡ ಗಂಟಲಿಗೆ ಗೊತ್ತು. ಅವಳ ಅಭಿನಯವನ್ನು ನಾನು ಪರದೆಯ ಮೇಲೆ ಹುಡುಕಿ ಸೋತಿದ್ದೆ, ಅದು ಇಲ್ಲಿತ್ತು. 1947ರ ‘ಶೆಹನಾಯಿ’ಗೆ ಬಂದರೆ ಸಿ. ರಾಮಚಂದ್ರರ ಸಂಗೀತದ ಹಗುರ ನಡೆ. ನಡುವೆ ಗುಜರಾತಿಯಲ್ಲೂ ಹಾಡಿದಳು.

ಎಲ್ಲ ಕಡೆಯೂ ಹೆಸರಿನ ಬಾಲಕ್ಕೆ ‘ಕರ್ನಾಟಕಿ’. ಜೊತೆಯ ಗಾಯಕಿ ಜೊಹರಾಬಾಯಿ ‘ಅಂಬಾಲೆವಾಲಿ’ ಎಂದು ಊರ ಹೆಸರು ಇಟ್ಟುಕೊಂಡರೆ, ಇವಳು ಬೀಳಗಿಯನ್ನೂ ಬಿಜಾಪುರವನ್ನೂ ಬಿಟ್ಟು ಇಡೀ ನಾಡನ್ನೇ ಹೊತ್ತುಕೊಂಡಳು. ಆಗ ಬೀಳಗಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಏಕೀಕರಣ 1956ರಲ್ಲಿ ಆಯಿತು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಈ ಹೆಸರು ಮುಂಬಯಿಯ ಸಿನಿಮಾಲೋಕದಲ್ಲಿ ಓಡಾಡುತ್ತಿತ್ತು. ‘ಕನ್ನಡ ಕೋಗಿಲೆ’ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. ರಹಮತ್ ತರೀಕೆರೆಯವರು ಅವಳ ಬದುಕನ್ನು ಕುರಿತು ಪುಸ್ತಕ ಬರೆದು ಕನ್ನಡಿಗರ ಸಾಲವನ್ನು ಒಂದಿಷ್ಟು ತೀರಿಸಿದರು.

ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು 1948ರ ‘ಶಹನಾಜ್’. ಸಂಗೀತ ನಿರ್ದೇಶಕರು ಎಂಬ ಸಾಲಿನಲ್ಲಿ ಅದೇ ಹೆಸರು: ಅಮೀರಬಾಯಿ ಕರ್ನಾಟಕಿ. ಪೇಟಿಯ ಮುಂದೆ ಬಹುತೇಕ ಗಂಡಸರೇ ಕೂತು ಹೆಂಗಸರಿಗೆ ಹಾಡು ಹೇಳಿಕೊಡುತ್ತಿದ್ದ ಕಾಲ ಅದು. ಆ ಸಾಲನ್ನು ಎರಡು ಸಲ ಓದಿದೆ, ಮತ್ತೆ ನನ್ನ ನೋಟ್‌ಬುಕ್ಕಿನಲ್ಲಿ ಅವಳಿಗಾಗಿ ಹೊಸ ಪುಟ ತೆರೆದೆ.

ಆಮೇಲೆ ಲತಾ ಯುಗ ಬಂತು. ಹಾಡು ಕಡಿಮೆಯಾದಂತೆ ಅಮೀರಬಾಯಿ ಪೋಷಕ ಪಾತ್ರಗಳಿಗೆ, ಅಂದರೆ ಮೊದಲು ಹೊರಟ ಮುಖದ ದಾರಿಗೇ, ಮರಳಿದಳು. ಲಕ್ವಾ ಹೊಡೆದು 1965ರ ಮಾರ್ಚಿನಲ್ಲಿ ತೀರಿಕೊಂಡಳು.

ಬೀಳಗಿಯಿಂದ ಕೊರ್ತಿ-ಕೊಲ್ಹಾರದ ಸೇತುವೆ ದಾಟಿ ವಿಜಯಪುರಕ್ಕೆ (ಹಿಂದಿನ ಬಿಜಾಪುರಕ್ಕೆ) ಹೋಗುವಾಗ ಪ್ರತಿ ಸಲವೂ ಕೃಷ್ಣೆಯ ಹಿನ್ನೀರು ನೋಡುತ್ತ ಅವಳ ಒಂದು ಹಾಡು ಗುನುಗುತ್ತೇನೆ. ವಿಜಯಪುರದಲ್ಲಿ ಅವಳ ಮನೆತನದವರದೊಂದು ಸಿನಿಮಾ ಥೇಟರು. ಅದಕ್ಕಿಟ್ಟದ್ದು ಯಾವ ಪಾತ್ರದ ಹೆಸರೂ ಅಲ್ಲ, ಅಮೀರ್ ಟಾಕೀಸ್.