ಹುಡುಕಿದರೆ ಸಿಗಬೇಕು: ಜಾಲತಾಣದ ಪಟ್ಟಿಯಿಂದ ಯುನಿಕೋಡ್‌ವರೆಗೆ

1994ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ, ತಾವು ಕಂಡ ಜಾಲತಾಣಗಳ ಪಟ್ಟಿ ಮಾಡತೊಡಗಿದರು. ಅದೇ ಮುಂದೆ ಯಾಹೂ ಆಯಿತು. ಆ ಪಟ್ಟಿಗೆ ಸೇರಲು ತಾಣದ ಒಡೆಯರೂ ಅರ್ಜಿ ಹಾಕಬಹುದಿತ್ತು. ಸಂಪಾದಕರು ತಾಣವನ್ನು ಓದಿ, ಗ್ರಂಥಾಲಯದಲ್ಲಿ ಪುಸ್ತಕವನ್ನು ಕಪಾಟಿಗೆ ಸೇರಿಸುವ ಹಾಗೆ ಒಂದು ವಿಭಾಗಕ್ಕೆ ಸೇರಿಸುತ್ತಿದ್ದರು. 1998ರಲ್ಲಿ ಶುರುವಾದ ಡಿಮಾಜ್ ಇದೇ ಕೆಲಸವನ್ನು ಸ್ವಯಂಸೇವಕರಿಂದ ಮಾಡಿಸಿ 2017ರವರೆಗೆ ಉಳಿಯಿತು. ಮನುಷ್ಯರು ಓದಿ ಆರಿಸಿದ ಪಟ್ಟಿಗೆ ಇದ್ದ ಘನತೆಯನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ಜಾಲ ಬೆಳೆದ ವೇಗಕ್ಕೆ ಓದುವವರ ಕಣ್ಣು ಸಾಲಲಿಲ್ಲ.

ಅದೇ 1994ರಲ್ಲಿ ವೆಬ್‌ಕ್ರಾಲರ್, ಮರುವರ್ಷದ ಕೊನೆಗೆ ಆಲ್ಟಾವಿಸ್ಟಾ ಎಂಬ ಹುಡುಕುಯಂತ್ರಗಳು ಬಂದವು. ಇವುಗಳ ತಂತ್ರಾಂಶಗಳು ಕೊಂಡಿಯಿಂದ ಕೊಂಡಿಗೆ ಹೋಗುತ್ತ ಪುಟದ ಪ್ರತಿ ಪದವನ್ನೂ ಸೂಚಿಗೆ ಸೇರಿಸುತ್ತಿದ್ದವು. ಜೇಡ ಎಂಬ ಹೆಸರು ಇವಕ್ಕೆ ಅಂಟಿಕೊಂಡಿತು. ಎಲ್ಲಿಗೆ ಬರಬಾರದು ಎಂದು ಜೇಡಕ್ಕೆ ತಿಳಿಸುವ ರೋಬೋಟ್ಸ್ ಕಡತವನ್ನು ಮಾರ್ಟಿನ್ ಕೋಸ್ಟರ್ ಸೂಚಿಸಿದ್ದೂ 1994ರಲ್ಲೇ. ಪದಗಳೇ ಅಳತೆಗೋಲಾದ ಮೇಲೆ ಮೋಸ ಬಂತು. ಪುಟದ ತಲೆಯಲ್ಲಿ ನೂರಾರು ಕೀವರ್ಡ್ ತುರುಕುವುದು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಯುವುದು ನಡೆದವು. ಆ ಕೀವರ್ಡ್ ಸಾಲನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ಅದನ್ನು ಇಂದಿಗೂ ತುಂಬಿಕೊಡುತ್ತೇವೆಂದು ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ.

1998ರಲ್ಲಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ವಿಧಾನವನ್ನು ಮುಂದಿಟ್ಟರು. ನಿಮ್ಮ ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಎನ್ನುವುದಕ್ಕಿಂತ ಬೇರೆಯವರು ಅದಕ್ಕೆ ಕೊಂಡಿ ಕೊಟ್ಟಿದ್ದಾರೆಯೇ, ಕೊಟ್ಟವರ ತೂಕವೆಷ್ಟು ಎಂಬುದು ಮುಖ್ಯವಾಯಿತು. ಸಂಶೋಧನಾ ಪ್ರಬಂಧಗಳ ಉಲ್ಲೇಖ ಎಣಿಸುವ ಹಳೆಯ ಪದ್ಧತಿಯೇ ಇದರ ಮೂಲ. ಸಹಜವಾಗಿಯೇ ಕೊಂಡಿಗಳ ಮಾರಾಟ ಶುರುವಾಯಿತು. ಗೂಗಲ್ ತಂದ 2011ರ ಪಾಂಡಾ ಬದಲಾವಣೆ ಸತ್ವವಿಲ್ಲದ ಪುಟಗಳನ್ನೂ 2012ರ ಪೆಂಗ್ವಿನ್ ಕೃತಕ ಕೊಂಡಿಗಳನ್ನೂ ಕೆಳಕ್ಕೆ ತಳ್ಳಿದವು. ಈ ನಡುವೆ, 2005ರಲ್ಲಿ, ತಾಣದ ವಿಳಾಸಗಳನ್ನೆಲ್ಲ ಒಂದೇ ಕಡತದಲ್ಲಿ ಕೊಡುವ ಸೈಟ್‌ಮ್ಯಾಪ್ ಬಂತು. ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಅದನ್ನು ಒಪ್ಪಿದವು. 2024ರಿಂದ ಹುಡುಕುವ ಪುಟವೇ ಉತ್ತರವನ್ನು ಸಾರಾಂಶವಾಗಿ ಬರೆದುಕೊಡುತ್ತಿದ್ದು, ಓದುಗ ತಾಣದ ಬಾಗಿಲಿಗೆ ಬರದೇ ಹೋಗುವ ಹೊಸ ಚಿಂತೆ ಹುಟ್ಟಿದೆ.

ಈ ಕಥೆಯ ಬಹುಭಾಗ ನಡೆಯುವಾಗ ಕನ್ನಡ ಎಲ್ಲಿತ್ತು? ಜಾಲದಲ್ಲೇ ಇತ್ತು. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಬಂದಿತ್ತು. ಆದರೆ ಆ ಕಾಲದ ಕನ್ನಡ ಪುಟಗಳು ಕಣ್ಣಿಗೆ ಮಾತ್ರ ಕನ್ನಡವಾಗಿದ್ದವು. ನುಡಿ ಎಂಬ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನೊಳಗೆ ಕೂರುವುದು ಇವು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದಕ್ಷರ, ಚಿಕ್ಕ ಕ್ಯೂ, ಮತ್ತೊಮ್ಮೆ ಎ. ಜೇಡ ಓದಿದ್ದು ಇದನ್ನೇ. ಎಷ್ಟು ಒಳ್ಳೆಯ ಲೇಖನವಿದ್ದರೂ ‘ಕನ್ನಡ’ ಎಂದು ಹುಡುಕಿದವರಿಗೆ ಅದು ಸಿಗುವಂತಿರಲಿಲ್ಲ. ಮೇಲಾಗಿ ಒಂದೊಂದು ಫಾಂಟಿನದು ಒಂದೊಂದು ಲೆಕ್ಕ. ವರ್ಷಗಟ್ಟಲೆ ದುಡಿದು ಬರೆದವರ ಬರಹ ಹೀಗೆ ಕಣ್ಮರೆಯಾಗಿದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇದಕ್ಕೆ ಪರಿಹಾರ, ಪ್ರತಿ ಅಕ್ಷರಕ್ಕೂ ಒಂದು ಸ್ಥಿರ ಸಂಖ್ಯೆ ಕೊಡುವ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ಯಾವ ಫಾಂಟ್ ಬಳಸಿದರೂ ಅದೇ. ಆದರೆ ಸಾಮಾನ್ಯ ಕಂಪ್ಯೂಟರುಗಳಿಗೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನೊಂದಿಗೆ. 2003ರಲ್ಲಿ ಕನ್ನಡ ವಿಕಿಪೀಡಿಯ ಯುನಿಕೋಡಿನಲ್ಲೇ ಹುಟ್ಟಿತು.

ಅಕ್ಷರ ಸರಿಯಾದ ಮೇಲೂ ತೊಡಕುಗಳಿವೆ. ಮೈಸೂರು, ಮೈಸೂರಿನ, ಮೈಸೂರಿಗೆ, ಮೈಸೂರಿನಿಂದ ಎಂದು ನಮ್ಮ ಪದ ರೂಪ ಬದಲಿಸುತ್ತಲೇ ಇರುತ್ತದೆ; ಶೀರ್ಷಿಕೆಯಲ್ಲಿ ಒಮ್ಮೆಯಾದರೂ ಮೂಲರೂಪ ಇಡುವುದು ಒಳ್ಳೆಯದು. ‘ರ‍್ಯಾಂಕ್’ ಬರೆಯುವಾಗ ಕಣ್ಣಿಗೆ ಕಾಣದ ಒಂದು ಸಂಕೇತ ಒಳಸೇರುತ್ತದೆ, ಅದಿಲ್ಲದೆ ಬರೆದರೆ ಯಂತ್ರಕ್ಕೆ ಅದು ಬೇರೆ ಪದ. ಪಠ್ಯವನ್ನು ಚಿತ್ರವಾಗಿಸಿ ಹಾಕುವ ಅಭ್ಯಾಸವಂತೂ ಹಳೆಯ ಫಾಂಟಿನ ಕಾಲಕ್ಕೇ ಮರಳಿದಂತೆ.

ಹಳೆಯ ಪುಟಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಇಂಥಲ್ಲಿ ಪರಿವರ್ತಕ ತಪ್ಪಬಹುದು, ಆದ್ದರಿಂದ ಯಾರಾದರೂ ಕೂತು ಸಾಲುಸಾಲು ಓದಲೇಬೇಕು. ಓದಿ ತಿದ್ದಿದ ಪುಟವನ್ನು ಅದರ ಹಳೆಯ ವಿಳಾಸದಲ್ಲೇ ಇಟ್ಟು, ಸೈಟ್‌ಮ್ಯಾಪಿನಲ್ಲಿ ತಿದ್ದಿದ ದಿನಾಂಕ ನಮೂದಿಸಿದರೆ, ಅದನ್ನು ಮತ್ತೊಮ್ಮೆ ಓದಬೇಕೆಂಬ ಸುಳಿವು ಜೇಡಕ್ಕೆ ಸಿಗುತ್ತದೆ.