ಬಣ್ಣದ ಪೆಟ್ಟಿಗೆಯಿಂದ ಶಸ್ತ್ರಚಿಕಿತ್ಸೆಯ ಕೋಣೆಯವರೆಗೆ

ಕಂಪನಿ ನಾಟಕಗಳ ಕಾಲದಲ್ಲಿ ನಟನ ಯೌವನ ಬಣ್ಣದ ಪೆಟ್ಟಿಗೆಯಲ್ಲಿರುತ್ತಿತ್ತು. ಸಫೇದ, ಅರದಳ, ಇಂಗಳೀಕ, ಕಾಡಿಗೆ, ಒಂದು ಚೌರಿ ಇದ್ದರೆ ನಲವತ್ತು ದಾಟಿದವನೂ ಹದಿಹರೆಯದ ರಾಜಕುಮಾರನಾಗುತ್ತಿದ್ದ, ಮೀಸೆ ಬೋಳಿಸಿದ ಗಂಡಸು ರಾಣಿಯಾಗುತ್ತಿದ್ದ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಅವರವರ ವಯಸ್ಸು ಅವರವರಿಗೆ ಮರಳುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಮಂಡಳಿಗಳ ಪ್ರೇಕ್ಷಕರು ದೂರದಲ್ಲಿ ಕೂತು, ಗ್ಯಾಸ್‌ಲೈಟಿನ ಬೆಳಕಿನಲ್ಲಿ ನೋಡುತ್ತಿದ್ದರು. ಕಂಠ ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಕೂಗುತ್ತಿದ್ದರೇ ಹೊರತು ಕಣ್ಣಿನ ಕೆಳಗಿನ ಸುಕ್ಕನ್ನು ಯಾರೂ ಎಣಿಸುತ್ತಿರಲಿಲ್ಲ.

ಬೆಂಗಳೂರಿನಲ್ಲಿ ನಾಟಕಕ್ಕೆ ಹೊಸ ಪ್ರೇಕ್ಷಕ ವರ್ಗವೊಂದು ರೂಪುಗೊಂಡದ್ದು ಹೊಸ ಬಡಾವಣೆಗಳಿಂದ. ಚಾಮರಾಜಪೇಟೆ 1892ರಲ್ಲಿ ಆರಂಭವಾಯಿತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಇಲ್ಲಿನ ಮೇಷ್ಟರು, ವಕೀಲರು, ಗುಮಾಸ್ತರಂಥ ಓದುಬಲ್ಲವರಿಂದ ಹವ್ಯಾಸಿ ರಂಗಭೂಮಿ ಬೆಳೆಯಿತು. 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಸ್ಥಾಪನೆಯಾಯಿತು. ನಾಟಕಕಾರ ಟಿ.ಪಿ. ಕೈಲಾಸಂ ಪುರಾಣದ ಅರಮನೆಯ ಬದಲು ಮಧ್ಯಮ ವರ್ಗದ ಮನೆಯನ್ನೇ ರಂಗಕ್ಕೆ ತಂದರು. ಅಲ್ಲಿ ಮುದುಕರು ಮುದುಕರಾಗಿಯೇ ಕಾಣಿಸಿಕೊಂಡರೂ ಆಟಕ್ಕೆ ಕುಂದು ಬರಲಿಲ್ಲ.

ವಯಸ್ಸಿನ ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಕ್ಯಾಮೆರಾ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಚಾಮರಾಜಪೇಟೆಗೆ ಹತ್ತಿರದ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಬಂದವರು. ಆದರೆ ರಂಗದ ಮೇಲೆ ಗೇಣುದ್ದ ಕಾಣುತ್ತಿದ್ದ ಮುಖ ಪರದೆಯ ಮೇಲೆ ಆಳೆತ್ತರವಾಯಿತು. ಕಪ್ಪು-ಬಿಳುಪು ಚಿತ್ರದ ನೆರಳು-ಬೆಳಕು ಒಂದಿಷ್ಟು ಮರೆಮಾಚುತ್ತಿತ್ತು. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ಯೊಂದಿಗೆ ಪೂರ್ಣ ವರ್ಣಚಿತ್ರ ಬಂದಮೇಲೆ ಚರ್ಮದ ಬಣ್ಣವೂ ಬಳಲಿಕೆಯೂ ಎದ್ದು ಕಾಣತೊಡಗಿದವು.

ವಯಸ್ಸಿನ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ನಾಯಕ, ಪಂಢರಿಬಾಯಿ ನಾಯಕಿ. 1986ರ ‘ಅನುರಾಗ ಅರಳಿತು’ ಚಿತ್ರದ ವೇಳೆಗೆ ರಾಜಕುಮಾರ್ 57ರಲ್ಲೂ ನಾಯಕರೇ. ಪಂಢರಿಬಾಯಿಗೆ ಅವರ ತಾಯಿಯ ಪಾತ್ರ. ಇದು ಒಬ್ಬ ನಟನ ದೋಷವಲ್ಲ, ಭಾರತೀಯ ಚಿತ್ರೋದ್ಯಮದ ಉದ್ದಕ್ಕೂ ಹಬ್ಬಿದ್ದ ಪದ್ಧತಿ. ಗಂಡಿನ ವಯಸ್ಸನ್ನು ವಿಗ್ಗು, ಬಣ್ಣ, ಅಭಿಮಾನಿಗಳ ಪ್ರೀತಿ ಮುಚ್ಚುತ್ತಿದ್ದವು. ಹೆಣ್ಣಿಗೆ ನಾಯಕಿ ಪಾತ್ರದ ಬಾಗಿಲು ಮುಚ್ಚಿದರೆ ಅತ್ತಿಗೆ, ತಾಯಿ ಪಾತ್ರಗಳಷ್ಟೇ ಉಳಿಯುತ್ತಿದ್ದವು. 1955ರಲ್ಲಿ ‘ಮಹಾಕವಿ ಕಾಳಿದಾಸ’ದಿಂದ ಬಂದು, 1967ರಲ್ಲಿ ಮದುವೆಯಾದ ಮೇಲೂ ನಾಯಕಿಯಾಗಿ ಉಳಿದವರು, ಕೊನೆಗಾಲದಲ್ಲಿ ಮಲ್ಲೇಶ್ವರದಲ್ಲಿ ನೆಲೆಸಿದ್ದ ಬಿ. ಸರೋಜಾದೇವಿ. 1977ರ ‘ಭಾಗ್ಯವಂತರು’ ತೆರೆಗೆ ಬಂದಾಗ ಅವರಿಗೆ 39. ಅಂಥವರು ವಿರಳ.

ಮುಖವನ್ನೇ ತಿದ್ದುವ ಶಸ್ತ್ರಚಿಕಿತ್ಸೆಯ ಚರಿತ್ರೆ ಬೇರೆಯೇ ದಾರಿಯಲ್ಲಿ ನಡೆದು ಬಂತು. ಅದರ ಒಂದು ಮುಖ್ಯ ಅಧ್ಯಾಯಕ್ಕೆ ಮೈಸೂರು ರಾಜ್ಯದ ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜಿ ಟಿಪ್ಪುವಿನ ಪಡೆಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಮುಂದೆ ಪುಣೆಯಲ್ಲಿ ಪಾರಂಪರಿಕ ವೈದ್ಯರೊಬ್ಬರು ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದರು. ಸುಶ್ರುತ ಸಂಹಿತೆಯ ಕಾಲದಿಂದ ಬಂದ ವಿದ್ಯೆಯ ಪರಂಪರೆ ಅದು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಆ ವಿವರ ಅಚ್ಚಾಯಿತು. ಅದನ್ನು ಅನುಸರಿಸಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದೇ ಶಸ್ತ್ರಕ್ರಿಯೆ ನಡೆಸಿದರು. ಮೊದಲ ಮಹಾಯುದ್ಧದಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಛಿದ್ರಗೊಂಡ ಸೈನಿಕರ ಮುಖಗಳನ್ನು ಮರಳಿ ಕಟ್ಟಿದರು. ಬೆಂಗಳೂರಿನಲ್ಲೂ ಈ ವಿದ್ಯೆಯ ಮೊದಲ ಕೆಲಸ ಗಾಯ ಮಾಯಿಸುವುದೇ. 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ, ಚಾಮರಾಜಪೇಟೆಯ ಅಂಚಿನ ವಿಕ್ಟೋರಿಯಾ ಆಸ್ಪತ್ರೆಗೆ ಇಂದಿಗೂ ಸ್ಟೌ, ಬೆಂಕಿ ಅವಘಡಗಳಲ್ಲಿ ಸುಟ್ಟವರು ಬರುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಸರ್ಜರಿ ಎಂದರೆ ಕಳೆದುಹೋದ ಮುಖವನ್ನು ಆದಷ್ಟು ಹಿಂದಿರುಗಿಸುವುದು.

ಇರುವ ಮುಖವನ್ನು ತಿದ್ದುವ ಸೌಂದರ್ಯ ಚಿಕಿತ್ಸೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸಲೀಸಾಯಿತು. ಕೊಳವೆಯಿಂದ ಕೊಬ್ಬು ಹೀರುವ ವಿಧಾನವನ್ನು 1970ರ ದಶಕದಲ್ಲಿ ಇಟಲಿಯ ಫಿಶರ್ ತಂದೆ-ಮಗ ರೂಪಿಸಿದರು, ಪ್ಯಾರಿಸ್ಸಿನ ಇಲೂಜ್ ಸುಧಾರಿಸಿದರು. ಹುಬ್ಬುಗಳ ನಡುವಿನ ಗೆರೆಗಳಿಗೆ ಬೊಟಾಕ್ಸ್ ಬಳಸಲು ಅಮೆರಿಕ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಸ್ನಾಯುವನ್ನು ಸಡಿಲಗೊಳಿಸಿ ಸುಕ್ಕನ್ನು ಮರೆಸುತ್ತದೆ. ಆದರೆ ಮೂರು-ನಾಲ್ಕು ತಿಂಗಳಿಗೆ ಪರಿಣಾಮ ಇಳಿಯುತ್ತದೆ, ಮತ್ತೆ ಸೂಜಿ ಹಾಕಿಸಿಕೊಳ್ಳಬೇಕು. ನಟರಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ: ಹುಬ್ಬು ಗಂಟಿಕ್ಕಲಾಗದ ಮುಖದಲ್ಲಿ ಸಿಟ್ಟು, ಸಂಕಟಗಳು ಪೂರ್ತಿ ಮೂಡುವುದಿಲ್ಲ.

1994ರಲ್ಲಿ ಉದಯ ಟಿವಿ ಆರಂಭವಾದ ಮೇಲೆ ಖಾಸಗಿ ವಾಹಿನಿಗಳು ಹೆಚ್ಚಿದವು, ದಿನನಿತ್ಯದ ಧಾರಾವಾಹಿಗಳು ಬಂದವು. ನಟಿಯ ಮುಖ ವಾರಕ್ಕೆ ಐದಾರು ದಿನ ಮನೆಯೊಳಗೇ ಬರತೊಡಗಿತು. ನಂತರ ಬಂದ ಮೊಬೈಲು ಪ್ರತಿ ಪ್ರೇಕ್ಷಕನ ಕೈಗೂ ಕ್ಯಾಮೆರಾ ಕೊಟ್ಟಿತು. ದಪ್ಪಗಾದಳು, ವಯಸ್ಸಾಯಿತು ಎಂಬ ಮಾತು ಕ್ಷಣದಲ್ಲಿ ಕಲಾವಿದೆಯ ಕಿವಿಗೇ ತಲುಪುವಂತಾಯಿತು. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಅವರಿಗೆ ಇನ್ನೂ 21. ಮುಪ್ಪು ಹತ್ತಿರವೂ ಸುಳಿಯದ ವಯಸ್ಸಿನಲ್ಲೇ ಈ ಒತ್ತಡ ಬಾಗಿಲು ತಟ್ಟುತ್ತದೆ ಎಂಬುದನ್ನು ಆ ಸಾವು ನಾಡಿಗೆ ತೋರಿಸಿತು.

ಕೊಬ್ಬು ಹೀರುವುದು ಬ್ಯೂಟಿ ಪಾರ್ಲರಿನ ಕೆಲಸವಲ್ಲ. ಅರಿವಳಿಕೆಗೆ ದೇಹ ವಿಪರೀತವಾಗಿ ಸ್ಪಂದಿಸಬಹುದು, ಕೊಬ್ಬಿನ ಕಣ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗಬಹುದು, ಅಲ್ಲಿ ನೀರು ತುಂಬಬಹುದು. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ ಅಪಾಯ ಏರುತ್ತದೆ. ಆದ್ದರಿಂದ ತರಬೇತಾದ ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ತುರ್ತು ಚಿಕಿತ್ಸೆಯ ಸೌಲಭ್ಯ ಇರುವಲ್ಲಿಯೇ ಇದು ನಡೆಯಬೇಕು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಕಾಯ್ದೆಯಿದೆ. ಕೂದಲು ಕಸಿಯಂಥ ಚಿಕಿತ್ಸೆಗಳನ್ನು ಯಾರು ಮಾಡಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಈ ನಿಯಮಗಳು ಆಸ್ಪತ್ರೆಯ ಬಾಗಿಲಿನಿಂದ ಒಳಗಿನದನ್ನು ಕಾಯುತ್ತವೆ. ಆ ಬಾಗಿಲಿನವರೆಗೆ ಕಲಾವಿದೆಯನ್ನು ತಂದು ನಿಲ್ಲಿಸುವುದು ಪಾತ್ರ ಹಂಚುವವರ, ಬರೆಯುವವರ, ನೋಡುವವರ ನಿರೀಕ್ಷೆ. ನಲವತ್ತರ ಹೆಣ್ಣಿಗೂ ಅರವತ್ತರ ಹೆಣ್ಣಿಗೂ ಮುಖ್ಯ ಪಾತ್ರ ಬರೆಯುವ ಕೆಲಸವನ್ನು ಯಾವ ಕಾಯ್ದೆಯೂ ಮಾಡಿಸಲಾರದು. ಅದು ಉದ್ಯಮವೂ ಪ್ರೇಕ್ಷಕರೂ ಸೇರಿ ಮಾಡಬೇಕಾದದ್ದು.