ಹಳೆಯ ರೀಲಿನಲ್ಲಿ ಹೊಸ ಸಿನಿಮಾ

1984ರ ನವೆಂಬರ್ 9ರಂದು ಅಮೆರಿಕದಲ್ಲಿ ಎರಡು ಭಯಾನಕ ಚಿತ್ರಗಳು ತೆರೆಕಂಡವು. ಒಂದು, ಇಂದಿಗೂ ಹೆಸರುವಾಸಿಯಾಗಿರುವ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’. ಇನ್ನೊಂದು ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’. ಮೊದಲ ವಾರಾಂತ್ಯದ ಗಳಿಕೆಯಲ್ಲಿ ಮುಂದಿದ್ದದ್ದು ಈ ಎರಡನೆಯದೇ. ಅದಕ್ಕೆ ಸಿಕ್ಕ ಥಿಯೇಟರುಗಳೂ ಹೆಚ್ಚು. ಆದರೂ ಕೆಲವೇ ದಿನಗಳಲ್ಲಿ ಅದನ್ನು ಎತ್ತಂಗಡಿ ಮಾಡಿದರು.

ಕಾರಣ, ಕೊಲೆಗಾರನ ವೇಷ. ಒಬ್ಬೊಬ್ಬರನ್ನಾಗಿ ಕೊಚ್ಚಿಹಾಕುವ ಹಂತಕರ ಕಥೆಗಳು, ಅಂದರೆ ಸ್ಲಾಶರ್ ಚಿತ್ರಗಳು, ಆಗ ಧಾರಾಳವಾಗಿ ಬರುತ್ತಿದ್ದವು. ಆದರೆ ಕೊಡಲಿ ಹಿಡಿದ ಸಾಂಟಾ ಕ್ಲಾಸ್ ಟಿವಿ ಜಾಹೀರಾತಿನಲ್ಲಿ, ಮಕ್ಕಳು ನೋಡುವ ಹೊತ್ತಿಗೇ ಬಂದಾಗ ತಂದೆತಾಯಂದಿರು ಸಹಿಸಲಿಲ್ಲ. ಥಿಯೇಟರುಗಳ ಮುಂದೆ ಕ್ರಿಸ್ಮಸ್ ಗೀತೆ ಹಾಡುತ್ತಾ ಪ್ರತಿಭಟಿಸಿದರು. ವಿಮರ್ಶಕ ಜೀನ್ ಸಿಸ್ಕೆಲ್ ಟಿವಿಯಲ್ಲಿ ಚಿತ್ರ ಮಾಡಿದವರ ಹೆಸರುಗಳನ್ನು ಒಂದೊಂದಾಗಿ ಓದಿ, ನಾಚಿಕೆಯಾಗಬೇಕು ನಿಮಗೆ ಎಂದರು. ಹಂಚಿಕೆಯ ಸಂಸ್ಥೆ ಟ್ರೈಸ್ಟಾರ್ ಮೊದಲು ಜಾಹೀರಾತನ್ನು, ಆಮೇಲೆ ಚಿತ್ರವನ್ನೇ ವಾಪಸು ಪಡೆಯಿತು.

ನಿರ್ಮಾಪಕರ ಕೈಯಲ್ಲಿ ಉಳಿದದ್ದು ಕುಖ್ಯಾತಿ ಮತ್ತು ರೀಲು. ಅದು ಮನೆಮನೆಗೆ ವಿಸಿಆರ್ ಬರುತ್ತಿದ್ದ ಕಾಲ. ಹೆಸರಿನ ಮುಂದೆ ‘2’ ಎಂದಿದ್ದರೆ ಸಾಕು, ಕ್ಯಾಸೆಟ್ ಅಂಗಡಿಯಲ್ಲಿ ಜನ ಕೈಚಾಚುತ್ತಿದ್ದರು. ಹೊಸದಾಗಿ ಚಿತ್ರೀಕರಿಸುವ ಬದಲು ಮೊದಲನೆಯದನ್ನೇ ಕತ್ತರಿಸಿ, ಜೋಡಿಸಿ, ಎರಡನೆಯದೆಂದು ಮಾರುವ ಯೋಚನೆ ಅವರಿಗೆ ಬಂತು. ಕೆಲಸ ಬಿದ್ದದ್ದು ಲೀ ಹ್ಯಾರಿ ಎಂಬ ಸಂಕಲನಕಾರನ ಮೇಲೆ. ಸ್ವಲ್ಪವಾದರೂ ಹೊಸದನ್ನು ತೆಗೆಯೋಣ ಎಂದು ಅವರನ್ನು ಒಪ್ಪಿಸಿದವನು ಆತನೇ. ಹಾಗೆ ಸಂಕಲನದ ಮೇಜಿನಿಂದ ಎದ್ದು ನಿರ್ದೇಶಕನಾದ.

1987ರಲ್ಲಿ ಬಂದ ಎರಡನೇ ಭಾಗ 88 ನಿಮಿಷದ್ದು. ಅದರಲ್ಲಿ ಸುಮಾರು 40 ನಿಮಿಷ ಹಳೆಯದೇ. ಮೊದಲ ಚಿತ್ರದ ಹಂತಕ ಬಿಲ್ಲಿಯ ತಮ್ಮ ರಿಕಿ ಮಾನಸಿಕ ಆಸ್ಪತ್ರೆಯಲ್ಲಿ ಕುಳಿತು ವೈದ್ಯರಿಗೆ ಕಥೆ ಹೇಳುತ್ತಾನೆ. ಅವನು ಬಾಯಿ ತೆರೆದಾಗಲೆಲ್ಲ ಹಳೆಯ ರೀಲು ಓಡುತ್ತದೆ. ತಂದೆತಾಯಿಯ ಕೊಲೆಯಾದಾಗ ಕೈಗೂಸಾಗಿದ್ದವನಿಗೆ ಇಷ್ಟೆಲ್ಲ ಹೇಗೆ ನೆನಪಿದೆ ಎಂದು ಕೇಳಬೇಡಿ! ಒಂದು ಕೋಣೆ, ಎರಡು ಕುರ್ಚಿ, ಒಂದು ಟೇಪ್ ರೆಕಾರ್ಡರ್: ಇದಕ್ಕಿಂತ ಅಗ್ಗದ ಸೆಟ್ ಇಲ್ಲ. ದುಡ್ಡು ಕೊಟ್ಟು ನೋಡಿದವರಿಗೆ ಇದು ಮೋಸವೇ, ಅದರಲ್ಲಿ ಅನುಮಾನವಿಲ್ಲ. ಕೊನೆಗೆ ರಿಕಿ ಆ ವೈದ್ಯರನ್ನು ಕೊಲ್ಲುವುದು ರೆಕಾರ್ಡರಿನ ಟೇಪನ್ನೇ ಕುತ್ತಿಗೆಗೆ ಬಿಗಿದು. ಸಂಕಲನಕಾರನೊಬ್ಬ ತನ್ನ ಸಿಟ್ಟು ತೀರಿಸಿಕೊಂಡ ಹಾಗೆ ನನಗೆ ಕಾಣುತ್ತದೆ.

ಉಳಿದ ಅರ್ಧದಲ್ಲಿ ಮಾತ್ರ ಚಿತ್ರಕ್ಕೆ ಎಲ್ಲಿಲ್ಲದ ಜೀವ ಬರುತ್ತದೆ. ಕೆಂಪು ಬಣ್ಣ ಕಂಡರೆ ಕೆರಳುವ ರಿಕಿಯಾಗಿ ಎರಿಕ್ ಫ್ರೀಮನ್, ಪ್ರತಿ ಮಾತಿಗೂ ಹುಬ್ಬು ಕುಣಿಸುತ್ತಾ, ಪಿಸ್ತೂಲು ಹಿಡಿದು ನಟ್ಟನಡು ಹಗಲಲ್ಲಿ ಬಡಾವಣೆಯೊಂದರಲ್ಲಿ ನಡೆದು ಹೋಗುತ್ತಾನೆ. ಯಾರೋ ಪಾಪ, ಕಸದ ಡಬ್ಬಿಯನ್ನು ಮನೆಯ ಹೊರಗಿಡಲು ಬಂದಿರುತ್ತಾರೆ. ‘ಗಾರ್ಬೇಜ್ ಡೇ!’ ಎಂದು ಕಿರುಚಿ ಗುಂಡು ಹಾರಿಸುತ್ತಾನೆ.

ಬಿಡುಗಡೆಯಾದಾಗ ಹೆಚ್ಚು ಜನ ಗಮನಿಸದ ಈ ಕೆಲವು ಸೆಕೆಂಡುಗಳು ಯೂಟ್ಯೂಬ್ ಬಂದ ಮೇಲೆ ಜಗತ್ತನ್ನೇ ಸುತ್ತಿದವು. ಲಕ್ಷಾಂತರ ಜನ ನಕ್ಕರು, ಫ್ರೀಮನ್‌ನನ್ನು ಕೆಟ್ಟ ನಟನೆಯ ಮಾದರಿ ಎಂದರು. ನನಗೇಕೋ ಆ ನಗು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಎರವಲು ತಂದ 40 ನಿಮಿಷಗಳ ಪಕ್ಕದಲ್ಲಿ ನಿಂತು, ಇದು ಬೇರೆಯೇ ಸಿನಿಮಾ ಎಂದು ನೋಡುಗರನ್ನು ನಂಬಿಸಬೇಕಾದ ನಟ ತಣ್ಣಗೆ ಅಭಿನಯಿಸಿದ್ದರೆ ಈ ಚಿತ್ರದಲ್ಲಿ ನೆನಪಿಡಲು ಏನೂ ಉಳಿಯುತ್ತಿರಲಿಲ್ಲ. ಮೊದಲ ಚಿತ್ರದವರ ಹೆಸರನ್ನು ಸಿಸ್ಕೆಲ್ ಅವಮಾನಿಸಲೆಂದು ಓದಿದರು. ಫ್ರೀಮನ್ ಮುಖ ನೋಡಿ ನಕ್ಕವರಲ್ಲಿ ಎಷ್ಟೋ ಜನಕ್ಕೆ ಅವನ ಹೆಸರೇ ಗೊತ್ತಿರಲಿಲ್ಲ.

ಮೂರನೇ ಭಾಗದಲ್ಲಿ (1989) ರಿಕಿಯ ಪಾತ್ರ ಬಿಲ್ ಮೋಸ್ಲಿಗೆ ಹೋಯಿತು. ಐದನೆಯದು 1991ರಲ್ಲಿ ಬಂತು. ಅದರಲ್ಲಿ ಆಟಿಕೆ ಮಾಡುವ ಮುದುಕನಾಗಿ ನಟಿಸಿದ್ದು ಹಾಲಿವುಡ್ಡಿನ ಹಿರಿಯ ನಟ ಮಿಕಿ ರೂನಿ. 1984ರಲ್ಲಿ ಮೊದಲ ಚಿತ್ರವನ್ನು ಕಟುವಾಗಿ ಖಂಡಿಸಿದವರಲ್ಲಿ ಅವರೂ ಒಬ್ಬರು.